ನಲವತ್ತೇಳು ಬೈಟಿನ ಪ್ರಶ್ನೆ

‘ಬಾಲಗಾಂವ.ಭಾರತ’ ಎಂಬ ಹೆಸರನ್ನು ಊರಿನವರು ಯಾರೋ ಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಹೆಸರು ಕೊಂಡದ್ದು ಊಹೆ, ಮುಂದಿನ ಲೆಕ್ಕವೆಲ್ಲ ನಿಜ. ಆ ಹೆಸರನ್ನು ಫೋನಿನಲ್ಲಿ ಕನ್ನಡದಲ್ಲೇ ಬರೆದು ಒತ್ತಿದ ಕೂಡಲೇ ಫೋನಿನಿಂದ ಒಂದು ಪ್ರಶ್ನೆ ಹೊರಡುತ್ತದೆ: ಈ ಹೆಸರಿನ ಯಂತ್ರ ಎಲ್ಲಿದೆ? 1987ರ ನವೆಂಬರಿನಲ್ಲಿ ಬರೆದಿಟ್ಟ ನಿಯಮದಂತೆ ಎಣಿಸಿದರೆ ಆ ಪ್ರಶ್ನೆಯ ಉದ್ದ 47 ಬೈಟ್. ತಲೆಬರಹಕ್ಕೆ 12, ಹೆಸರಿಗೆ 31, ಯಾವ ಬಗೆಯ ಉತ್ತರ ಬೇಕು ಎಂದು ತಿಳಿಸಲು 4. ಮರಳಿ ಬರುವ ಉತ್ತರ 63 ಬೈಟ್. ಅದರಲ್ಲಿ ಕೇಳಿದ ಪ್ರಶ್ನೆಯೇ 47 ಬೈಟ್ ಆವರಿಸಿರುತ್ತದೆ; ಹೊಸದಾಗಿ ಸೇರಿದ್ದು 16; ಆ 16ರಲ್ಲೂ ನಮಗೆ ಬೇಕಾದ ವಿಳಾಸ ಕೊನೆಯ 4 ಬೈಟ್ ಮಾತ್ರ.

ಕನ್ನಡದ ಒಂದು ಅಕ್ಷರವನ್ನು ಕಂಪ್ಯೂಟರಿನಲ್ಲಿ ಇಡಲು ಸಾಮಾನ್ಯವಾಗಿ 3 ಬೈಟ್ ಬೇಕು. ಎರಡು ಅಕ್ಷರಕ್ಕೂ ಸಾಲದ ಆ 4 ಬೈಟಿನಲ್ಲಿ 429 ಕೋಟಿ 49 ಲಕ್ಷ 67 ಸಾವಿರದ 296 ಬೇರೆ ಬೇರೆ ವಿಳಾಸಗಳು ಅಡಗುತ್ತವೆ. ಅವುಗಳಲ್ಲಿ ಒಂದನ್ನೇ ಆರಿಸಿ ಕೊಡುವ ಉತ್ತರ, ಪ್ರಶ್ನೆ ಕೇಳಿದವರು ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಬಂದಿರುತ್ತದೆ. ಈ ಉತ್ತರವನ್ನು ಬರೆದವರು ಯಾರು? ಹೆಸರು ಕೊಂಡವರೇ. ಒಂದು ಸಂಜೆ ಕೂತು, ಒಂದು ಪುಟದಲ್ಲಿ ಎರಡು ಮೂರು ಸಾಲು ತುಂಬಿ, ‘ಸೇವ್’ ಒತ್ತಿದವರು. ಆ ಎರಡು ಮೂರು ಸಾಲುಗಳ ಹಿಂದೆ ಎಷ್ಟು ದೊಡ್ಡ ಲೋಕವಿದೆ ಎಂಬುದನ್ನು ಸಂಖ್ಯೆಗಳಲ್ಲೇ ಹೇಳಬೇಕು, ಬೇರೆ ಯಾವುದರಲ್ಲೂ ಅದರ ಅಳತೆ ಸಿಗುವುದಿಲ್ಲ.

ಬಾಲಗಾಂವ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಊರು. ತಾಲ್ಲೂಕಿನ ಪೂರ್ವಕ್ಕೆ ವಿಜಯಪುರ ಜಿಲ್ಲೆ. ಜತ್ತ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು. ವಿಜಯಪುರ ಆಗ ಅದೇ ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ವಿಜಯಪುರ ಆಚೆ ಹೋಯಿತು, ಜತ್ತ ಈಚೆ ಉಳಿಯಿತು, ಮಾತು ಮಾತ್ರ ಎರಡೂ ಕಡೆ ಕನ್ನಡವೇ ಆಗಿತ್ತು. ಇಂಥ ಊರಿನ ಕನ್ನಡ ಶಾಲೆಯಲ್ಲಿ ಓದಿ ಪುಣೆಗೋ ಬೆಂಗಳೂರಿಗೋ ಹೋದವರು ಸೇರಿ ಒಂದು ಸಣ್ಣ ಆ್ಯಪ್ ಕಟ್ಟಿದರು, ಅದನ್ನು ಯಾವುದೋ ಕ್ಲೌಡ್ ಕಂಪನಿಯ ಮುಂಬೈ ಕೇಂದ್ರದಲ್ಲಿ ಇಟ್ಟರು ಎನ್ನೋಣ. ಕ್ಲೌಡ್ ಅದಕ್ಕೆ ತಾನೇ ಒಂದು ಹೆಸರು ಕೊಡುತ್ತದೆ. ಅಂಕಿ ಅಕ್ಷರ ಬೆರೆತ, ಯಾರ ಬಾಯಲ್ಲೂ ನಿಲ್ಲದ ಉದ್ದನೆಯ ಹೆಸರು. ಊರಿನ ಹೆಸರನ್ನು ಅದಕ್ಕೆ ಕಟ್ಟುವ ಕೆಲಸವೇ ಡಿಎನ್‌ಎಸ್ ರೆಕಾರ್ಡ್ ಬರೆಯುವುದು. ಡಿಎನ್‌ಎಸ್ ಎಂದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ.

ಡಿಎನ್‌ಎಸ್ ಹೆಸರು ಓದುವ ರೀತಿ ಅಂಚೆಯವರು ವಿಳಾಸ ಓದುವ ರೀತಿಯೇ. ಬಾಲಗಾಂವ ಎಂಬ ಹೆಸರಿನ ಊರು ಒಂದೇ ಇರಬೇಕಿಲ್ಲ. ಹಾಗಾಗಿ ದೂರದಿಂದ ಬರುವ ಕಾಗದವನ್ನು ಕೊನೆಯ ಸಾಲಿನಿಂದ ಹಿಂದಕ್ಕೆ ಓದುತ್ತಾರೆ: ಭಾರತ, ಮಹಾರಾಷ್ಟ್ರ, ಸಾಂಗಲಿ ಜಿಲ್ಲೆ, ಜತ್ತ ತಾಲ್ಲೂಕು, ಆಮೇಲೆ ಊರು. ಡಿಎನ್‌ಎಸ್ ಕೂಡ ಬಲದಿಂದ ಎಡಕ್ಕೆ ಓದುತ್ತದೆ. ಎಲ್ಲಕ್ಕಿಂತ ಬಲಗಡೆ, ನಾವು ಸಾಮಾನ್ಯವಾಗಿ ಬರೆಯದೆ ಬಿಡುವ ಒಂದು ಚುಕ್ಕೆ ಇದೆ. ಆ ಚುಕ್ಕೆಯೇ ಬೇರು, ರೂಟ್. ಇಡೀ ಜಗತ್ತಿನ ಹೆಸರುಗಳೆಲ್ಲ ಆ ಚುಕ್ಕೆಯಿಂದ ಇಳಿದು ಬಂದವು.

ಆ ಬೇರಿನ ಗಾತ್ರ ಕೇಳಿದರೆ ನಂಬುವುದು ಕಷ್ಟ. ಬೇರಿನ ಕಡತದಲ್ಲಿರುವುದು .ಕಾಂ, .ಇನ್, .ಭಾರತ ಇತ್ಯಾದಿ ಸುಮಾರು ಒಂದೂವರೆ ಸಾವಿರ ಕೊನೆಹೆಸರುಗಳು ಮಾತ್ರ. ಇಡೀ ಕಡತ ಎರಡು ಮೂರು ಎಂಬಿ ಆಸುಪಾಸು. ಅದನ್ನು ಹಂಚುವ ರೂಟ್ ಸರ್ವರ್‌ಗಳ ಹೆಸರು 13, ಇಂಗ್ಲಿಷಿನ ಎ ಅಕ್ಷರದಿಂದ ಎಂ ವರೆಗೆ. ನಡೆಸುವ ಸಂಸ್ಥೆಗಳು 12. ಹದಿಮೂರೇ ಏಕೆ ಎಂಬುದಕ್ಕೆ ಕಾರಣ ಒಂದು ಪೊಟ್ಟಣದ ಅಳತೆ. ಹಳೆಯ ನಿಯಮದಲ್ಲಿ ಡಿಎನ್‌ಎಸ್ ಉತ್ತರ 512 ಬೈಟ್ ಮೀರಬಾರದಿತ್ತು. ಹದಿಮೂರು ಸರ್ವರ್‌ಗಳ ಹೆಸರು, ವಿಳಾಸ ಎಲ್ಲ ಸೇರಿ 436 ಬೈಟ್ ಆಗುತ್ತದೆ. ಉಳಿದ 76 ಬೈಟನ್ನು ಉದ್ದನೆಯ ಪ್ರಶ್ನೆಗಳಿಗೆಂದು ಬಿಟ್ಟರು. ಹದಿಮೂರು ಹೆಸರು ಎಂದರೆ ಹದಿಮೂರು ಯಂತ್ರಗಳಲ್ಲ. ಒಂದೇ ವಿಳಾಸವನ್ನು ಹಲವು ಊರುಗಳಿಂದ ಸಾರಿ, ಕೇಳಿದವರಿಗೆ ಹತ್ತಿರದ್ದು ಉತ್ತರಿಸುವಂತೆ ಮಾಡುವ ಉಪಾಯದಿಂದ ಇಂದು ಜಗತ್ತಿನಲ್ಲಿ 1,500ಕ್ಕೂ ಹೆಚ್ಚು ಕಡೆ ರೂಟ್ ಸರ್ವರ್‌ಗಳಿವೆ. ಭಾರತದಲ್ಲಿ ಮುಂಬೈ, ದೆಹಲಿ, ಚೆನ್ನೈಗಳಲ್ಲಿ ಅವು ನೆಲೆಯಾಗಿವೆ. ಬಾಲಗಾಂವದಿಂದ ಮುಂಬೈ ನೇರ ಗೆರೆಯಲ್ಲಿ 350 ಕಿಲೊಮೀಟರ್ ಆಸುಪಾಸು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್ ಓಡುತ್ತದೆ. ಅಷ್ಟು ದೂರಕ್ಕೆ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಎರಡು ಪಾಲೂ ಬೇಕಾಗುವುದಿಲ್ಲ.

ಮೊದಲು ಹೀಗಿರಲಿಲ್ಲ. 1983ರವರೆಗೆ ಇಡೀ ಜಾಲದ ಹೆಸರುಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರಕ್ಕೆ ಹೆಸರು ಬೇಕಾದರೆ ಕಚೇರಿ ಸಮಯದಲ್ಲಿ ಅವರಿಗೆ ತಿಳಿಸಬೇಕು. ಅವರು ಸಾಲು ಸೇರಿಸುತ್ತಾರೆ. ಮಿಕ್ಕವರೆಲ್ಲ ಆ ಕಡತವನ್ನು ಇಳಿಸಿಕೊಳ್ಳುತ್ತಾರೆ. ಕೆಲವು ನೂರು ಯಂತ್ರಗಳಿದ್ದಾಗ ಇದು ನಡೆಯಿತು. ಇಂದು ಜಗತ್ತಿನಲ್ಲಿ ನೋಂದಾಯಿತ ಡೊಮೇನ್ ಹೆಸರುಗಳು 35 ಕೋಟಿಗೂ ಹೆಚ್ಚು. ಒಂದು ಹೆಸರಿಗೆ 40 ಬೈಟ್ ಹಿಡಿದರೂ ಆ ಕಡತ 14 ಜಿಬಿ ಆಗುತ್ತಿತ್ತು, ಅದನ್ನು ಪ್ರತಿಯೊಂದು ಫೋನೂ ದಿನಾ ಹೊಸದಾಗಿ ಇಳಿಸಿಕೊಳ್ಳಬೇಕಾಗುತ್ತಿತ್ತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಕಟ್ಟಿಕೊಟ್ಟ ಪರಿಹಾರದ ಹಿರಿಮೆ ಇಲ್ಲಿದೆ: ಪೂರ್ತಿ ಪಟ್ಟಿ ಯಾರ ಬಳಿಯೂ ಇರಬೇಕಾಗಿಲ್ಲ. ಬೇರಿಗೆ .ಭಾರತ ಎಲ್ಲಿದೆ ಎಂದಷ್ಟೇ ಗೊತ್ತು. .ಭಾರತಕ್ಕೆ ಬಾಲಗಾಂವ ಎಲ್ಲಿದೆ ಎಂದಷ್ಟೇ ಗೊತ್ತು. ಬಾಲಗಾಂವದೊಳಗೆ ಏನಿದೆ ಎಂಬುದು ಊರಿನವರ ಮಾತು, ಅದನ್ನು ಬದಲಿಸಲು ಮೇಲಿನವರ ಅಪ್ಪಣೆ ಬೇಕಿಲ್ಲ. ಕೆಲವು ನೂರು ಯಂತ್ರಗಳಿದ್ದಾಗ ಮಾಡಿದ ಈ ವ್ಯವಸ್ಥೆ ಮೂಲದಲ್ಲಿ ಬದಲಾಗದೆ ಕೋಟಿಗಟ್ಟಲೆ ಹೆಸರುಗಳನ್ನು ಹೊತ್ತಿದೆ. ಮನುಷ್ಯರು ಕಟ್ಟಿದ್ದರಲ್ಲಿ ಇಷ್ಟು ಪಟ್ಟು ಬೆಳೆದೂ ಬಿರುಕು ಬಿಡದ್ದು ಬಹಳ ಕಡಿಮೆ.

ಸೇವ್ ಒತ್ತುವ ಮೊದಲು ಪುಟದಲ್ಲಿ ತುಂಬಿದ ಆ ಸಾಲುಗಳಿಗೆ ಬರೋಣ. ಮೊದಲನೆಯದು ಎ ರೆಕಾರ್ಡ್: ಈ ಹೆಸರಿಗೆ ಈ 4 ಬೈಟ್ ವಿಳಾಸ. ಎರಡನೆಯದು ಸಿನೇಮ್: ಈ ಹೆಸರು ಇನ್ನೊಂದು ಹೆಸರಿನ ಅಡ್ಡಹೆಸರು, ಅಲ್ಲಿ ಹೋಗಿ ಕೇಳಿ. ಕ್ಲೌಡ್ ಕಂಪನಿಗಳು ಹೆಚ್ಚಾಗಿ ಸಿನೇಮ್ ಹಾಕಿ ಎನ್ನುತ್ತವೆ, ಏಕೆಂದರೆ ಅವರ ಯಂತ್ರಗಳ ವಿಳಾಸ ಬದಲಾಗುತ್ತಿರುತ್ತದೆ. ಆದರೆ ಸಿನೇಮ್ ಇರುವ ಹೆಸರಿನಲ್ಲಿ ಬೇರೆ ಮಾಮೂಲಿ ರೆಕಾರ್ಡ್ ಇರಕೂಡದು ಎಂಬುದು 1987ರ ನಿಯಮ. ಮುಂದೆ ಏನೂ ಇಲ್ಲದ ಬರಿಯ ಹೆಸರಿಗೆ ಅದರ ಆಡಳಿತದ ರೆಕಾರ್ಡುಗಳು ಇರಲೇಬೇಕಾದ್ದರಿಂದ ಅಲ್ಲಿ ಸಿನೇಮ್ ಕೂರುವುದಿಲ್ಲ. ಅದಕ್ಕೇ ಬರಿಯ ಹೆಸರಿಗೆ ಎ ರೆಕಾರ್ಡ್, ಮುಂದೆ ಮೂರು ಡಬ್ಲ್ಯೂ ಇರುವ ಹೆಸರಿಗೆ ಸಿನೇಮ್. ಮೊದಲ ಸಲ ಮಾಡುವವರು ತಡವರಿಸುವುದು ಇಲ್ಲೇ. ಅವರ ತಪ್ಪಲ್ಲ, ಪುಟದಲ್ಲಿ ಯಾರೂ ಕಾರಣ ಬರೆದಿರುವುದಿಲ್ಲ. ಮೂರನೆಯದು ಟೆಕ್ಸ್ಟ್ ರೆಕಾರ್ಡ್. ಕ್ಲೌಡ್ ಕಂಪನಿ ಕೊಟ್ಟ ಗುರುತಿನ ಅಕ್ಷರಗಳನ್ನು ಅಲ್ಲಿಟ್ಟರೆ ಹೆಸರು ನಮ್ಮದೇ ಎಂಬುದಕ್ಕೆ ಸಾಕ್ಷಿ.

ಈಗ ಹೊಸ ಬಗೆಯ ವಿಳಾಸಕ್ಕೂ ಒಂದು ಸಾಲು ಸೇರಿಸುವುದುಂಟು. ಹೆಸರಿನಲ್ಲಿ ನಾಲ್ಕು ಎ ಇರುವ ಆ ರೆಕಾರ್ಡಿನಲ್ಲಿ ವಿಳಾಸವೇ 16 ಬೈಟ್. ನಾಲ್ಕು ಬೈಟಿನ ವಿಳಾಸಗಳು 429 ಕೋಟಿ ಇದ್ದರೆ, ಹದಿನಾರು ಬೈಟಿನವು 34ರ ಮುಂದೆ 37 ಸೊನ್ನೆ ಇಟ್ಟರೆ ಎಷ್ಟೋ ಅದಕ್ಕಿಂತ ತುಸು ಹೆಚ್ಚು. ಸಮುದ್ರವೂ ಸೇರಿ ಭೂಮಿಯ ಮೇಲ್ಮೈಯನ್ನೆಲ್ಲ ಚದರ ಮೀಟರುಗಳಾಗಿ ಕತ್ತರಿಸಿ ಈ ವಿಳಾಸಗಳನ್ನು ಹಂಚಿದರೆ ಪ್ರತಿ ಚದರ ಮೀಟರಿಗೆ 6ರ ಮುಂದೆ 23 ಸೊನ್ನೆಯಷ್ಟು ಸಿಕ್ಕಿಯೂ ಮಿಗುತ್ತದೆ. ಇಷ್ಟಕ್ಕೆಲ್ಲ ಬೇಕಾದ ಹೆಚ್ಚುವರಿ ಜಾಗ 12 ಬೈಟ್.

ಸೇವ್ ಒತ್ತಿದ ಮೇಲೆ ‘48 ಗಂಟೆ ಕಾಯಿರಿ’ ಎಂಬ ಸಾಲು ಕಾಣುತ್ತದೆ. ರೆಕಾರ್ಡು ಮೆಲ್ಲಗೆ ಜಗತ್ತಿನ ಸರ್ವರುಗಳಿಗೆಲ್ಲ ಹರಡುತ್ತಿದೆ ಎಂದು ಬಹಳ ಜನ ತಿಳಿದಿದ್ದಾರೆ. ಏನೂ ಹರಡುವುದಿಲ್ಲ. ನಮ್ಮ ಸಾಲು ನಮ್ಮ ಸರ್ವರಿನಲ್ಲೇ ಇರುತ್ತದೆ; ಕೇಳಿದವರು ಬಂದು ಒಯ್ಯುತ್ತಾರೆ. ಒಯ್ದವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂದು ಪ್ರತಿ ಸಾಲಿನಲ್ಲೂ ಸೆಕೆಂಡುಗಳಲ್ಲಿ ಬರೆದಿರುತ್ತದೆ, ಅದೇ ಟಿಟಿಎಲ್. 300 ಎಂದರೆ ಐದು ನಿಮಿಷ, 3,600 ಎಂದರೆ ಒಂದು ಗಂಟೆ, 86,400 ಎಂದರೆ ಒಂದು ದಿನ. ಬೇರಿನ ಕಡತದಲ್ಲಿ ಕೊನೆಹೆಸರುಗಳ ಸರ್ವರ್‌ಗಳಿಗೆ ಬರೆದಿರುವುದು 1,72,800, ಅಂದರೆ ಸರಿಯಾಗಿ ಎರಡು ದಿನ. ನಿಯಮ ಒಪ್ಪುವ ಗರಿಷ್ಠ 2,14,74,83,647 ಸೆಕೆಂಡು. ಅದು 68 ವರ್ಷ. ಹಳೆಯ ಉತ್ತರ ಯಾರ ನೆನಪಿನಲ್ಲಿದೆಯೋ ಅವರ ಗಡುವು ಮುಗಿಯುವವರೆಗೆ ಅವರು ಹಳೆಯ ಮನೆಗೇ ಹೋಗುತ್ತಾರೆ, ಅಷ್ಟೇ. ಹಾಗಾಗಿ ವಿಳಾಸ ಬದಲಿಸಬೇಕಿದ್ದರೆ ಹಿಂದಿನ ದಿನವೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿಟ್ಟರೆ ಮರುದಿನ ಐದೇ ನಿಮಿಷದಲ್ಲಿ ಕೆಲಸವಾಗುತ್ತದೆ. ಇನ್ನೊಂದು ಎಚ್ಚರ: ರೆಕಾರ್ಡು ಬರೆಯುವ ಮೊದಲೇ ಹೆಸರನ್ನು ಒತ್ತಿ ನೋಡಬಾರದು. ‘ಇಲ್ಲ’ ಎಂಬ ಉತ್ತರವನ್ನೂ ನೆನಪಿಟ್ಟುಕೊಳ್ಳಬೇಕೆಂಬ ನಿಯಮ 1998ರಿಂದ ಗಟ್ಟಿಯಾಗಿದೆ. ಆಮೇಲೆ ಬರೆದರೂ ಸ್ವಲ್ಪ ಹೊತ್ತು ‘ಇಲ್ಲ’ ಎಂದೇ ಬರುತ್ತದೆ.

ಈ ನೆನಪೇ ಇಡೀ ವ್ಯವಸ್ಥೆಯನ್ನು ಉಳಿಸಿದೆ. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸೇವೆ 2018ರ ಹೊತ್ತಿಗೇ ದಿನಕ್ಕೆ ಒಂದು ಲಕ್ಷ ಕೋಟಿಗೂ ಹೆಚ್ಚು ಪ್ರಶ್ನೆಗಳಿಗೆ ಉತ್ತರಿಸುತ್ತಿತ್ತು. ಸೆಕೆಂಡಿಗೆ 1 ಕೋಟಿ 15 ಲಕ್ಷ. ಇದು ಒಂದು ಸೇವೆಯ ಲೆಕ್ಕ. ಆ ಪ್ರಶ್ನೆಗಳೆಲ್ಲ ಪ್ರತಿ ಸಲವೂ ಬೇರಿನವರೆಗೆ ಹೋಗಬೇಕಿದ್ದರೆ 1,500 ಕಡೆಯಲ್ಲ, ಎಷ್ಟು ಕಡೆ ಸರ್ವರ್ ಇಟ್ಟರೂ ಸಾಲುತ್ತಿರಲಿಲ್ಲ. ಬೇರು ಎರಡು ದಿನಕ್ಕೊಮ್ಮೆ ಮಾತಾಡಿದರೆ ಸಾಕು ಎಂಬ ಏರ್ಪಾಡಿನಿಂದಲೇ ಅದು ನೆಮ್ಮದಿಯಾಗಿ ನಿಂತಿದೆ.

ಇಷ್ಟು ದೊಡ್ಡದಾದದ್ದು ಎಷ್ಟು ಸಣ್ಣದರಿಂದ ಮುಗ್ಗರಿಸಬಲ್ಲದು ಎಂಬುದನ್ನೂ ಹೇಳಬೇಕು. 2009ರ ಅಕ್ಟೋಬರ್ 12ರಂದು ಸ್ವೀಡನ್ ದೇಶದ .ಎಸ್‌ಇ ಹೆಸರುಗಳೆಲ್ಲ ಒಮ್ಮೆಲೇ ಸಿಗದಾದವು, ಸುಮಾರು 9 ಲಕ್ಷ ಡೊಮೇನ್‌ಗಳು. ಕಡತ ತಯಾರಿಸುವ ಪ್ರೋಗ್ರಾಂ ಹೆಸರುಗಳ ಕೊನೆಗೆ ಹಾಕಬೇಕಾದ ಚುಕ್ಕೆಯನ್ನು ಬಿಟ್ಟಿತ್ತು. ನಾನು ಮೇಲೆ ಹೇಳಿದ, ಬರೆಯದೆ ಬಿಡುವ ಅದೇ ಚುಕ್ಕೆ. ಕೊನೆಯ ಚುಕ್ಕೆ ಇದ್ದರೆ ಹೆಸರು ಬೇರಿನವರೆಗೆ ಪೂರ್ತಿ. ಇಲ್ಲದಿದ್ದರೆ ಸರ್ವರು ತಾನು ನೋಡಿಕೊಳ್ಳುವ ಹೆಸರನ್ನು, ಇಲ್ಲಿ .ಎಸ್‌ಇಯನ್ನು, ಅದರ ಹಿಂದೆ ಮತ್ತೊಮ್ಮೆ ಅಂಟಿಸುತ್ತದೆ. ತಪ್ಪನ್ನು ಒಂದೇ ಗಂಟೆಯೊಳಗೆ ತಿದ್ದಿದರು, ಆದರೆ ತಪ್ಪು ಉತ್ತರವನ್ನು ನೆನಪಿಟ್ಟುಕೊಂಡವರು ಅದನ್ನು ಮರೆಯುವವರೆಗೆ ತೊಂದರೆ ಉಳಿಯಿತು. ಬಾಲಗಾಂವದ ಆ್ಯಪ್‌ಗೆ ಸಿನೇಮ್ ಬರೆಯುವವರೂ ಇದೇ ಚುಕ್ಕೆಯ ಮುಂದೆ ಕೂತಿರುತ್ತಾರೆ. ಕೆಲವು ಪುಟಗಳು ಅದನ್ನು ತಾವೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ.

2021ರ ಅಕ್ಟೋಬರ್ 4ರ ಸೋಮವಾರ ರಾತ್ರಿ ಒಂಬತ್ತರ ಮೇಲೆ ವಾಟ್ಸ್‌ಆ್ಯಪ್ ನಿಂತದ್ದು ಗಡಿಯ ಆಚೆ ಈಚೆ ಎಲ್ಲರಿಗೂ ನೆನಪಿದ್ದೀತು. ಅದರ ಒಡೆಯನಾದ ಫೇಸ್‌ಬುಕ್ ತನ್ನ ಒಳಜಾಲವನ್ನು ಪರೀಕ್ಷಿಸಲು ಕೊಟ್ಟ ಒಂದು ಆದೇಶದಿಂದ ಆ ಜಾಲವೇ ಕಡಿಯಿತು. ಅದರ ಡಿಎನ್‌ಎಸ್ ಸರ್ವರುಗಳು ತಮ್ಮ ದಾರಿಯನ್ನು ಹೊರಜಗತ್ತಿನಿಂದ ತಾವೇ ಹಿಂತೆಗೆದುಕೊಂಡವು. 300 ಕೋಟಿಗೂ ಹೆಚ್ಚು ಬಳಕೆದಾರರಿಗೆ ಸೇವೆ ಕೊಡುವ ಅದರ ಯಂತ್ರಗಳೆಲ್ಲ ಸುಸ್ಥಿತಿಯಲ್ಲಿದ್ದವು, ಎಲ್ಲಿವೆ ಎಂದು ಹೇಳುವವರಿರಲಿಲ್ಲ. ಆರು ಗಂಟೆಗೂ ಮಿಕ್ಕಿ ಹೀಗಿತ್ತು. ಉತ್ತರ ಸಿಗದ ಫೋನುಗಳು ಮತ್ತೆ ಮತ್ತೆ ಕೇಳುತ್ತಿದ್ದರಿಂದ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ಸೇವೆಯಲ್ಲಿ ಆ ಹೆಸರುಗಳ ಪ್ರಶ್ನೆ 30 ಪಟ್ಟು ಏರಿತು. 2025ರ ಅಕ್ಟೋಬರ್ 20ರಂದು, ದೀಪಾವಳಿಯ ದಿನಗಳಲ್ಲೇ, ಅಮೆಜಾನ್ ಕ್ಲೌಡಿನ ವರ್ಜೀನಿಯಾ ಕೇಂದ್ರದ ಒಂದು ಹೆಸರಿನ ರೆಕಾರ್ಡು ಖಾಲಿಯಾಗಿ ಉಳಿದದ್ದರಿಂದ ಜಗತ್ತಿನ ಎಷ್ಟೋ ಸೇವೆಗಳು ನಿಂತವು. ಎರಡು ಸ್ವಯಂಚಾಲಿತ ಪ್ರೋಗ್ರಾಂಗಳು ಒಂದರ ಕೆಲಸವನ್ನು ಇನ್ನೊಂದು ಅಳಿಸಿದ್ದವು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಲೆಕ್ಕ ಇನ್ನೂ ಹೇಳಿಲ್ಲ. ಡಿಎನ್‌ಎಸ್ ಹೆಸರಿನಲ್ಲಿ ಬಳಸಲು ಒಪ್ಪಿದ ಚಿಹ್ನೆಗಳು 37 ಮಾತ್ರ: ಇಂಗ್ಲಿಷಿನ 26 ಅಕ್ಷರ, 10 ಅಂಕಿ, ಒಂದು ಅಡ್ಡಗೆರೆ. ಹಾಗಾದರೆ ಕನ್ನಡ ಅಲ್ಲಿ ಹೇಗೆ ಹೋಗುತ್ತದೆ? ಆಡಮ್ ಕಾಸ್ಟೆಲೊ ರೂಪಿಸಿದ, 2003ರಲ್ಲಿ ಪ್ರಕಟವಾದ ಪ್ಯೂನಿಕೋಡ್ ಎಂಬ ಪದ್ಧತಿಯಿಂದ. ಹೆಸರಿನ ಅಕ್ಷರಗಳನ್ನು ಅವುಗಳ ಯೂನಿಕೋಡ್ ಸಂಖ್ಯೆಯ ಏರಿಕೆಯ ಕ್ರಮದಲ್ಲಿ ತೆಗೆದುಕೊಂಡು, ಮೊದಲನೆಯದು ಎಲ್ಲಿದೆ ಎಂದು ಹೇಳಿ, ಮಿಕ್ಕವು ಹಿಂದಿನದಕ್ಕಿಂತ ಎಷ್ಟು ಮುಂದೆ, ಹೆಸರಿನಲ್ಲಿ ಯಾವ ಸ್ಥಾನದಲ್ಲಿ ಎಂಬುದನ್ನು ಬೆರೆಸಿ ಒಂದೊಂದು ಸಂಖ್ಯೆಯಾಗಿ ಬರೆಯುತ್ತಾರೆ. ‘ಭಾರತ’ದಲ್ಲಿ ‘ತ’ 3236, ‘ಭ’ 3245, ‘ರ’ 3248, ದೀರ್ಘದ ಚಿಹ್ನೆ 3262. ಲೆಕ್ಕ ಮುಗಿದಾಗ ಬರುವುದು: ಎಕ್ಸ್ ಎನ್, ಎರಡು ಅಡ್ಡಗೆರೆ, ಆಮೇಲೆ 2 ಎಸ್ ಸಿ ಆರ್ ಜೆ 9 ಸಿ. ಇದೇ ಬೇರಿನ ಕಡತದಲ್ಲಿರುವ ಕನ್ನಡದ .ಭಾರತ. ಭಾರತಕ್ಕೆ ಇಂಥ ದೇಶಿ ಲಿಪಿಯ ಕೊನೆಹೆಸರುಗಳು 15 ಇವೆ. ಹಿಂದಿ ಮರಾಠಿಗಳಿಗಿರುವ ದೇವನಾಗರಿಯ .ಭಾರತ 2014ರ ಆಗಸ್ಟ್ 27ರಂದು ಬಿಡುಗಡೆಯಾಯಿತು. ಅದು ಬೇರಿನಲ್ಲಿ, ಮುಂದಿನ ಎಕ್ಸ್ ಎನ್ ಮತ್ತು ಅಡ್ಡಗೆರೆಗಳನ್ನು ಬಿಟ್ಟರೆ, ಎಚ್ 2 ಬಿ ಆರ್ ಜೆ 9 ಸಿ. ಗುಜರಾತಿಯದು ಜಿ ಇ ಸಿ ಆರ್ ಜೆ 9 ಸಿ. ಒಡಿಯಾದ್ದು 3 ಎಚ್ ಸಿ ಆರ್ ಜೆ 9 ಸಿ. ಬಂಗಾಳಿ, ಗುರುಮುಖಿಗಳೂ ಹಾಗೇ. ಎಲ್ಲವೂ ‘ಆರ್ ಜೆ 9 ಸಿ’ ಎಂದೇ ಕೊನೆಯಾಗುತ್ತವೆ.

ಇದು ಆಕಸ್ಮಿಕವಲ್ಲ. 1980ರ ದಶಕದಲ್ಲಿ ಭಾರತದ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತ ಪದ್ಧತಿ ರೂಪಿಸಿದವರು ಎಲ್ಲ ಲಿಪಿಗಳಲ್ಲೂ ‘ಕ’ ಒಂದೇ ಮನೆಯಲ್ಲಿ, ‘ತ’ ಒಂದೇ ಮನೆಯಲ್ಲಿ ಬರುವಂತೆ ಕೋಷ್ಟಕ ಹಾಕಿದರು. ಯೂನಿಕೋಡ್ ಆ ಜೋಡಣೆಯನ್ನು ಹಾಗೇ ತೆಗೆದುಕೊಂಡಿತು, ಒಂದೊಂದು ಲಿಪಿಗೆ 128 ಮನೆಗಳಂತೆ. ದೇವನಾಗರಿಯಿಂದ ಕನ್ನಡ ಏಳು ಲಿಪಿ ಆಚೆ, 896 ಮನೆ ದೂರ. ಅಕ್ಷರಗಳ ನಡುವಿನ ಅಂತರ ಮಾತ್ರ ಎರಡರಲ್ಲೂ ಒಂದೇ.

ಊರಿನ ಹೆಸರಿನ ಲೆಕ್ಕ ಹಾಕಿ ನೋಡಿ. ಕನ್ನಡದಲ್ಲಿ ಬರೆದ ‘ಬಾಲಗಾಂವ’ ಡಿಎನ್‌ಎಸ್‌ನಲ್ಲಿ 3 ಆರ್ ಸಿ 5 ಬಿ 6 ಸಿ ವೈ ಎ ಆರ್ 4 ಸಿ ಸಿ. ಅದೇ ಕಾಗುಣಿತದಲ್ಲಿ ದೇವನಾಗರಿಯಲ್ಲಿ ಬರೆದರೆ ಐ 1 ಬಿ 5 ಬಿ 6 ಸಿ ವೈ ಎ ಆರ್ 4 ಸಿ ಸಿ. ಹದಿಮೂರರಲ್ಲಿ ಬೇರೆಯಾದದ್ದು ಮೊದಲ ಮೂರು. ಉಳಿದ ಹತ್ತು ಅಕ್ಷರಶಃ ಒಂದೇ. ಪ್ರಶ್ನೆಯ ಉದ್ದವೂ ಎರಡರಲ್ಲೂ 47 ಬೈಟ್. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಓದುವ ಒಂದು ಊರಿನ ಎರಡು ಹೆಸರುಗಳ ನಡುವೆ ಯಂತ್ರ ಕಾಣುವ ವ್ಯತ್ಯಾಸ ಅಷ್ಟೇ.

ಹೆಸರುಗಳು ಎರಡಾದ್ದರಿಂದ ನೋಂದಣಿಯೂ ಎರಡು ಬೇಕು. ಎರಡಕ್ಕೂ ಒಂದೊಂದು ಎ ರೆಕಾರ್ಡ್ ಬರೆದು ಒಂದೇ ವಿಳಾಸ ಕೊಟ್ಟರೆ, ಯಾವ ಲಿಪಿಯಲ್ಲಿ ಕೇಳಿದವರೂ ಅದೇ ಆ್ಯಪ್‌ಗೆ ತಲುಪುತ್ತಾರೆ. ಆ್ಯಪ್ ಎರಡೂ ಹೆಸರಿಗೆ ಉತ್ತರಿಸುವಂತೆ ಕ್ಲೌಡಿನಲ್ಲಿ ಹೇಳಿಡಬೇಕು, ಭದ್ರತೆಯ ಪ್ರಮಾಣಪತ್ರದಲ್ಲಿ ಎರಡೂ ಇರಬೇಕು. ಡಿಎನ್‌ಎಸ್ ಕಡೆಯಿಂದ ಅಡ್ಡಿ ಏನೂ ಇಲ್ಲ. ಅಡ್ಡಿ ಇರುವುದು ಬೇರೆ ಕಡೆ, ಇಂಥ ಹೆಸರನ್ನು ಇಮೇಲಿನಲ್ಲಿ ಬಳಸುವಾಗ. ಕನ್ನಡ ಲಿಪಿಯ ಇಮೇಲ್ ವಿಳಾಸಕ್ಕೆ ಬೇಕಾದ ಮಾನದಂಡ 2012ರಲ್ಲೇ ಪ್ರಕಟವಾಗಿದೆ. ಆದರೂ ಬ್ಯಾಂಕು, ಕಾಲೇಜು, ಟಿಕೆಟ್ಟಿನ ಅರ್ಜಿ ನಮೂನೆಗಳಲ್ಲಿ ಅಂಥ ವಿಳಾಸ ತುಂಬಿದರೆ ‘ಸರಿಯಾದ ಇಮೇಲ್ ಅಲ್ಲ’ ಎಂಬ ಕೆಂಪು ಸಾಲು ಬರುವುದು ಇಂದಿಗೂ ಸಾಮಾನ್ಯ. ಆ ನಮೂನೆಗಳ ಹಿಂದಿನ ನಾಲ್ಕಾರು ಸಾಲಿನ ಪರೀಕ್ಷೆಯನ್ನು ಬರೆದವರು ಎಂಜಿನಿಯರುಗಳು. ಅವರಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿ, ಪುಣೆಯಲ್ಲಿ ಕೂತಿದ್ದಾರೆ, ಕನ್ನಡವನ್ನೋ ಮರಾಠಿಯನ್ನೋ ಬಲ್ಲವರೇ ಆಗಿದ್ದಾರೆ. ತಿದ್ದುವುದು ಅವರ ಕೈಯಲ್ಲಿದೆ.